ದನದ ಯಾದಿ ಓದುವ ಸಾವಂತ್ರೆವ್ವ

ಬೆಳಗಿನ ಐದೂವರೆ. ಚಚಡಿಯಿಂದ ಮೂರು ಮೈಲಿ ಆಚೆಯ ಊರಿನ ಹಾಲಿನ ಡೈರಿ ಮುಂದೆ ಕ್ಯಾನುಗಳ ಸಾಲು. ಕಟ್ಟೆ ಹತ್ತಿದ ಸಾವಂತ್ರೆವ್ವ ಮೂಗಿನ ಮೇಲೆ ಚಾಳೀಸು ಏರಿಸಿ, ಹಾಳೆಯನ್ನು ಬಲ್ಬಿನ ಬೆಳಕಿಗೆ ಹಿಡಿಯುತ್ತಾರೆ.

"ಯಲ್ಲವ್ವನ ಮನಿ ಕೆಂದ ಹೋರಿ. ಹಣಿ ಮ್ಯಾಲ ಬಿಳಿ ಚುಕ್ಕಿ, ಎಡಗಡಿ ಕೋಡ ಮುರದಿತ್ತು. ಸತ್ತದ್ದು ಖರೇ ಏನ್ರಿ?"

"ಖರೇ ಐತಿ ಬೇ," ಎನ್ನುತ್ತದೆ ಸಾಲು. ಮುಂದಿನ ಹೆಸರು.

ಐವತ್ತೊಂದರ ಸಾವಂತ್ರೆವ್ವ ಈ ಊರಿನ ಪಶುಸಖಿ. ದಿನಕ್ಕೆ ನಲವತ್ತು ಮನೆ ಸುತ್ತಿ ದನಗಳ ಲಸಿಕೆ, ಔಷಧಿ ನೋಡಿಕೊಳ್ಳುತ್ತಾರೆ. ಗೌರವಧನ ಬಂದಾಗ ಬಂತು. ಚರ್ಮಗಂಟು ರೋಗಕ್ಕೆ ದನ ಕಳೆದುಕೊಂಡವರಿಗೆ ಸರ್ಕಾರ ತುರ್ತು ಪರಿಹಾರ ಕೊಡುವಾಗ ಯಾದಿಯನ್ನು ದನದ ದವಾಖಾನೆಯ ಬಾಗಿಲಿಗೆ ಅಂಟಿಸುತ್ತಾರೆ. ಅದರಲ್ಲಿ ಇರುವುದು ಮಾಲೀಕರ ಹೆಸರು, ದನದ ಕಿವಿಯೋಲೆಯ ಹನ್ನೆರಡು ಅಂಕಿ. ಅದನ್ನು ನೋಡಿ ಯಾರಿಗೆ ಏನು ತಿಳಿಯಬೇಕು, ಕರ್ಮ! ಅದಕ್ಕೇ ಇವರು ಅಂಕಿಯ ಪಕ್ಕ ಬಣ್ಣ, ಕೋಡು, ಸುಳಿ ಬರೆದುಕೊಂಡು ಬಂದು ಎಲ್ಲರ ಎದುರು ಓದುತ್ತಾರೆ. ಓದು ಎಂದು ಇವರಿಗೆ ಯಾರೂ ಹೇಳಿಲ್ಲ.

"ನಂಬರ್ ಸುಳ್ಳ ಇದ್ರ ಯಾರಿಗ್ ಗೊತ್ತಾಗ್ತೈತ್ರಿ? ಹಂಡ ಆಕಳ ಅಂದ್ರ ಊರೆಲ್ಲಾ ಗುರ್ತಾ ಹಿಡಿತೈತಿ."

ಈ ವಿದ್ಯೆ ತವರಿನ ಕೊಟ್ಟಿಗೆಯಲ್ಲಿ ಕಲಿತದ್ದು. ತವರು ಇದೇ ಊರಿನಲ್ಲಿ, ಎರಡು ಓಣಿ ಆಚೆ. ಆಗ ಅಲ್ಲಿ ಹದಿನಾಲ್ಕು ದನ. ಅವ್ವ ಹಾಲು ಹಿಂಡುವಾಗ ಅಣ್ಣ, ತಂಗಿ ಲೋಟ ಹಿಡಿದು ಪಕ್ಕದಲ್ಲೇ ಕೂತಿರುತ್ತಿದ್ದರು. "ನೊರಿ ಹಾಲ ಮೊದಲ ನನಗ ಕುಡಿಸಿ, ಆಮ್ಯಾಲ ತಾ ಕುಡಿತಿದ್ದ ನಮ್ಮಣ್ಣ. ನನ್ನ ಹಾಲಿನ ಮೀಸಿ ನೋಡಿ ನಗತಿದ್ದ. ಆ ದಿನಾ ಮತ್ತ ಎಲ್ಲಿ ಬರ್ತಾವ್ರಿ!" ಎನ್ನುವಾಗ ಅವರ ಮುಖ ಹುಡುಗಿಯದಾಗುತ್ತದೆ.

ಆ ಅಣ್ಣನ ಹೆಸರು ಪರಪ್ಪ. ಹೋದ ವರ್ಷದ ಯಾದಿಯಲ್ಲಿ ಅವರ ಹೆಸರೂ ಇತ್ತು: ಕಪ್ಪು ಬಿಳಿ ಮಚ್ಚೆಯ ಹಂಡ ಆಕಳು ಸತ್ತಿದೆ ಎಂದು. ನಿಜವಾಗಿ ಸತ್ತದ್ದು ಅದರ ಕರು. ಕರುವಿಗೆ ಪರಿಹಾರ ಕಡಿಮೆ, ಆಕಳಿಗೆ ಹೆಚ್ಚು. ಯಾದಿ ನೋಡಿದ ಸಂಜೆಯೇ ಸಾವಂತ್ರೆವ್ವ ತವರಿಗೆ ಹೋದರು.

"ಅಣ್ಣಾ, ನೀನ ಹೋಗಿ ಹೆಸರ ತಗಸು. ನಿನ್ನ ಕಾಲ ಬೀಳತೇನಿ."

"ಅದೊಂದ ಹೆಸರ ಬಿಟ್ಟ ಓದು, ಸಾವಂತ್ರಿ. ಓದಿದಿ ಅಂದ್ರ ಈ ಹೊಸ್ತಿಲ ತುಳೀಬ್ಯಾಡ."

ಮರುದಿನ ಸಾವಂತ್ರೆವ್ವ ಓದಿದರು. "ಪರಪ್ಪನ ಮನಿ ಹಂಡ ಆಕಳ. ಸತ್ತದ್ದು ಖರೇ ಏನ್ರಿ?" ಅದೇ ಆಕಳ ಹಾಲು ಹಿಡಿದು ಪರಪ್ಪ ಸಾಲಿನಲ್ಲಿ ನಿಂತಿದ್ದರು! "ಸತ್ತ ಆಕಳ ಎಷ್ಟ ಲೀಟರ್ ಕೊಟ್ಟೈತೋ ಪರಪ್ಪಣ್ಣಾ?" ಎಂದರು ಯಾರೋ. ಜನ ಬಿದ್ದುಬಿದ್ದು ನಕ್ಕರು. ಪರಪ್ಪ ಹಾಲು ಹಾಕದೆ ತಿರುಗಿ ಹೋದರು. ಯಾದಿ ತಿದ್ದಿದ ಮೇಲೆ ಅವರಿಗೆ ಕರುವಿನ ಪರಿಹಾರವಷ್ಟೇ ಬಂತು.

ನಾಗರ ಪಂಚಮಿಗೆ ತಂಗಿಯನ್ನು ಕರೆಯಲು ಅಣ್ಣ ಬರುವುದು ಈ ಕಡೆಯ ಪದ್ಧತಿ. ಮೂವತ್ತು ವರ್ಷ ತಪ್ಪದೆ ಬಂದಿದ್ದ ಪರಪ್ಪ ಹೋದ ವರ್ಷ ಬರಲಿಲ್ಲ. ಸಾವಂತ್ರೆವ್ವ ತಲೆ ಎರೆದುಕೊಂಡು, ಹೊಸ ಸೀರೆ ಉಟ್ಟು, ಹೊತ್ತು ಮುಳುಗುವವರೆಗೂ ಬಾಗಿಲಲ್ಲೇ ಕೂತಿದ್ದರಂತೆ.

ಈ ವರ್ಷದ ಪಂಚಮಿಗೆ ಇನ್ನು ಒಂಬತ್ತು ದಿನ. ಓದಬಾರದಿತ್ತು ಅನಿಸುತ್ತದೆಯೇ ಎಂದು ಕೇಳುತ್ತೇನೆ.

"ಅವನ ಹೆಸರ ಬಿಟ್ಟಿದ್ರ ಮಂದಿ ಹೆಸರ ಯಾವ ಬಾಯಿಲೆ ಓದ್ಲಿರಿ?" ಎನ್ನುತ್ತಾರೆ. ಹಾಳೆ ಮಡಚಿ ಚೀಲಕ್ಕೆ ಹಾಕುತ್ತಾರೆ. ಬಳಿಕ ಮೆಲ್ಲಗೆ, "ಸೀರಿ ಬ್ಯಾಡ, ಪಂಚಮಿ ಉಂಡಿ ಬ್ಯಾಡ. ಖಾಲಿ ಕೈಲೆ ಬಂದು ‘ನಡೀಯವಾ ಮನಿಗೆ’ ಅಂದ್ರ ಸಾಕ್ರಿ. ಚಪ್ಪಲಿ ಸೈತ ಮೆಟ್ಟಂಗಿಲ್ಲ, ಹಂಗ ಓಡತೇನಿ."