ವಾಸನೆ ಹೋದ ಮೇಲಿನ ಅಡುಗೆ

ನೈವೇದ್ಯ ಆಗುವ ಮೊದಲು ಅಡುಗೆಯವನು ರುಚಿ ನೋಡುವಂತಿಲ್ಲ. ಹಾಗಾಗಿ ಮದುವೆ, ಮುಂಜಿಗಳಿಗೆ ಅಡುಗೆ ಮಾಡುವ ನನಗೆ ಮೂಗೇ ನಾಲಿಗೆ. ಸಾರಿನ ಹಬೆ ತಾನಾಗಿ ಮೂಗಿಗೆ ಬಂದರೆ ಮಡಿಗೇನೂ ಭಂಗವಿಲ್ಲ. ಅಷ್ಟರಲ್ಲೇ ಕೊತ್ತಂಬರಿ ಹೆಚ್ಚಾಯಿತೋ, ಮೆಂತ್ಯ ಸೀದಿತೋ ತಿಳಿದುಬಿಡುತ್ತಿತ್ತು.

ಆ ಮೂಗು ಕೊರೊನಾದಲ್ಲಿ ಹೋಯಿತು. ಜ್ವರ ಜೋರೇನೂ ಇರಲಿಲ್ಲ. ಗುಣವಾಯಿತೆಂದು ಎದ್ದು ಕೂತು, ಹೆಂಡತಿ ಮಾವಿನಕಾಯಿ ಕಿವುಚಿ, ಇಂಗಿನ ಒಗ್ಗರಣೆ ಹಾಕಿ ತಂದಿಟ್ಟ ಅಪ್ಪೆಹುಳಿ ಕುಡಿದೆ. ಹುಳಿ, ಉಪ್ಪು, ಖಾರ ಗೊತ್ತಾಯಿತು. ಮಾವಿನಕಾಯಿಯೂ ಇಂಗೂ ಎಲ್ಲೂ ಇರಲಿಲ್ಲ. ಇಂಗಿನ ಡಬ್ಬಿಯನ್ನೇ ಮೂಗಿಗೆ ಹಿಡಿದೆ. ಖಾಲಿ ಡಬ್ಬಿ ಹಿಡಿದಂತಿತ್ತು.

ಶಿರಸಿಯಲ್ಲಿ ನೋಡಿದ ಡಾಕ್ಟರು ಹಾವೇರಿ ಕಡೆಯವರು. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿಯಂಥ ಕೆಲವೇ ರುಚಿ, ಇದು ಮಾವು, ಇದು ಏಲಕ್ಕಿ ಎಂದು ಗುರುತಿಸುವುದೆಲ್ಲ ಮೂಗಿನ ಕೆಲಸ ಎಂದರು. ಮೂಗಿನ ಮೇಲ್ತುದಿಯಲ್ಲಿ ವಾಸನೆ ಹಿಡಿಯುವ ನರಗಳಿವೆಯಂತೆ. ಈ ವೈರಸ್ ಹೆಚ್ಚಾಗಿ ಹೊಡೆಯುವುದು ಅವುಗಳನ್ನಲ್ಲ, ಅವುಗಳಿಗೆ ಆಸರೆಯಾಗಿರುವ ಜೀವಕೋಶಗಳನ್ನು. ಆಸರೆ ಹೋದರೆ ನರಗಳೂ ಸುಮ್ಮನಾಗುತ್ತವೆ.

"ಆ ಕೋಶ ಮತ್ತ ಹುಟ್ಟತಾವ. ಗಡಿಬಿಡಿ ಮಾಡಬ್ಯಾಡ್ರಿ" ಎಂದರು. ದಿನವೂ ಲವಂಗ, ಏಲಕ್ಕಿ, ನಿಂಬೆಸಿಪ್ಪೆಯನ್ನು ಗಮನವಿಟ್ಟು ಮೂಸಲು ಹೇಳಿದರು.

ಅಷ್ಟರಲ್ಲಿ ಕಾನಸೂರಿನಲ್ಲಿ ಒಪ್ಪಿಕೊಂಡಿದ್ದ ಮುಂಜಿ ಹತ್ತಿರ ಬಂತು. ಬೇರೊಬ್ಬ ಅಡುಗೆಯವರಿಗೆ ಹೇಳೋಣವೆಂದುಕೊಂಡೆ. ಹೆಂಡತಿ ಬಿಡಲಿಲ್ಲ.

"ನಿಂಗಳ ಕೈಗೆ ಎಂತ ಆಯ್ದು? ಮೂಸಲೆ ಆನು ಬತ್ತೆ."

ಮುಂಜಿಮನೆಯ ಯಜಮಾನರಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿ ಒಲೆ ಹಚ್ಚಿದೆ. ಮೆಂತ್ಯವನ್ನು ಬಣ್ಣ ನೋಡಿ, ಸಾಸಿವೆಯನ್ನು ಸದ್ದು ಕೇಳಿ ಇಳಿಸಿದೆ. ಅಳತೆ ಕೈಗೆ ರೂಢಿಯಾಗಿತ್ತು; ಬೆಳಗೆಲ್ಲ ಒಂದು ತಪ್ಪೂ ಆಗಲಿಲ್ಲ. ಪಾಯಸಕ್ಕೆ ಕಾಯಿಹಾಲು ಸುರಿಯಲು ಪಾತ್ರೆ ಎತ್ತಿದಾಗ ಮಾತ್ರ ಜೊತೆಗೆ ಬಂದಿದ್ದ ಹೆಂಡತಿ ನನ್ನ ಕೈ ಹಿಡಿದಳು. ಹಾಳಾದ ಕಾಯಿಯೊಂದು ತುರಿಯಲ್ಲಿ ಸೇರಿಹೋಗಿತ್ತು. ನನ್ನ ಕಣ್ಣಿಗೆ ಆ ಹಾಲು ಬೆಳ್ಳಗೆ, ಚೆನ್ನಾಗಿಯೇ ಇತ್ತು. ಅದನ್ನು ಚೆಲ್ಲಿ ಬೇರೆ ಕಾಯಿ ಒಡೆದೆವು. ಎಲೆ ಹಾಕುವುದು ಸ್ವಲ್ಪ ತಡವಾಯಿತು, ಆದರೆ ಪಾಯಸವನ್ನು ಜನ ಮತ್ತೆ ಕೇಳಿ ಬಡಿಸಿಕೊಂಡರು.

ಮಳೆಗಾಲ ಕಳೆಯುವ ಹೊತ್ತಿಗೆ ಮೊದಲು ಲವಂಗ ತಿರುಗಿ ಬಂತು. ಆಮೇಲೆ ಕಾಫಿ ಸುಟ್ಟ ಟಯರಿನಂತೆ ನಾರತೊಡಗಿತು. ನರಗಳು ಚೇತರಿಸಿಕೊಳ್ಳುವಾಗ ಒಂದನ್ನು ಇನ್ನೊಂದೆಂದು ತಿಳಿಯುವುದುಂಟೆಂದು ಡಾಕ್ಟರು ಹೇಳಿದರು. ಕಾಫಿಯ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ; ಕಷಾಯ ಕುಡಿಯುತ್ತೇನೆ. ಉಳಿದ ಪರಿಮಳಗಳೆಲ್ಲ ಬಂದಿವೆ. ಆದರೂ ಈಗ ಅಡುಗೆಗೆ ಕರೆಯುವವರು, ಇಬ್ಬರೂ ಬರುತ್ತೀರಲ್ಲ ಎಂದೇ ಕೇಳುತ್ತಾರೆ.