ಕೆರಿಯಮ್ಮ ಎತ್ತಿದ ಭಾರ

ಐವತ್ತೈದು ವರ್ಷ ತುಂಬುವವರೆಗೆ ಕೆರಿಯಮ್ಮ ಗಂಡನಿಗಿಂತ ಮೊದಲು ಉಂಡವಳಲ್ಲ. ಅವಳದು ಇಕ್ಕೇರಿಯಿಂದ ಎರಡು ಮೈಲಿ ಒಳಗಿನ ಊರು. ಮಾವನ ಕಾಲದಲ್ಲಿ ಗೇಣಿಗೆ ಮಾಡುತ್ತಿದ್ದು, ಆಮೇಲೆ ಸ್ವಂತಕ್ಕೆ ಬಂದ ಒಂದೂವರೆ ಎಕರೆ ಗದ್ದೆ ಇತ್ತು. ಗಂಡ ಮಂಜುನಾಥಪ್ಪ ಉಂಡು ಕೈ ತೊಳೆದ ಮೇಲೆ ಅವಳು ಒಲೆಯ ಮುಂದೆ ಕುಳಿತು, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಕಲಸಿಕೊಳ್ಳುತ್ತಿದ್ದಳು. ಮೀನು ತಂದ ದಿನ ನಡುವಿನ ತುಂಡು ಅವನಿಗೆ, ತಲೆ ಬಾಲ ಅವಳಿಗೆ. ಇದನ್ನು ಯಾರೂ ಕೂರಿಸಿ ಹೇಳಿಕೊಟ್ಟದ್ದಲ್ಲ. ತಾಯಿ ಹಾಗೆ ಉಂಡಳು, ಅತ್ತೆ ಹಾಗೆ ಉಂಡಳು, ಇವಳೂ ಹಾಗೆಯೇ ಉಂಡಳು.

ಮಕ್ಕಳಾಗಲಿಲ್ಲ. ಪಕ್ಕದ ಮನೆಯಲ್ಲಿ ಮೈದುನನ ಮಗ ಸುನಿಲ್, ಅವನ ಹೆಂಡತಿ ಕಾವ್ಯಾ ಇದ್ದರು. ಕೆರಿಯಮ್ಮ, ಮಂಜುನಾಥಪ್ಪ ಇಬ್ಬರನ್ನೂ ಅವರೇ ಸ್ವಂತ ಅಪ್ಪ ಅಮ್ಮನ ಹಾಗೆ ನೋಡಿಕೊಳ್ಳುತ್ತಿದ್ದರು.

ಹೋದ ವರ್ಷ ದೀಪಾವಳಿ ಕಳೆದ ಹದಿನೈದನೇ ದಿನ ಮಂಜುನಾಥಪ್ಪನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ಉಳಿಯಿತು, ಆದರೆ ಒಂದೊಂದೇ ಪದ ತಡೆದು ತಡೆದು ಬರುತ್ತಿತ್ತು. ಆಸ್ಪತ್ರೆಯಲ್ಲಿ ತೂಗಿದಾಗ ಅರವತ್ತೆರಡು ಕೆ.ಜಿ. ಇದ್ದ. ಮನೆಗೆ ತಂದು ನಡುಮನೆಯ ಕಿಟಕಿಯ ಪಕ್ಕ ಮಂಚ ಹಾಕಿದರು. ಮಂಚದ ಹತ್ತಿರವೇ ಶೌಚಕ್ಕೆಂದು ನಡುವೆ ತೂತಿರುವ ಕುರ್ಚಿ ಇಟ್ಟರು. ಸುನಿಲ್ ಸಾಗರದ ಹಾರ್ಡ್‌ವೇರ್ ಅಂಗಡಿಗೆ ಹೋಗುವ ಮುಂಚೆ, ಬೆಳಿಗ್ಗೆ ಏಳಕ್ಕೆ ಬಂದು ದೊಡ್ಡಪ್ಪನನ್ನು ಎತ್ತಿ ಕುರ್ಚಿಗೆ ಕೂರಿಸುತ್ತಿದ್ದ. ಮತ್ತೆ ಬರುವುದು ಸಂಜೆ ಏಳಕ್ಕೆ.

ನಡುವಿನ ಹನ್ನೆರಡು ತಾಸು ಮಂಜುನಾಥಪ್ಪ ತಡೆದುಕೊಳ್ಳುತ್ತಿದ್ದ. ನೀರು ಕುಡಿಯುವುದನ್ನೇ ಬಿಟ್ಟ. ತಡೆಯಲಾಗದೆ ಹಾಸಿಗೆ ಒದ್ದೆಯಾದ ದಿನ ಗೋಡೆ ಕಡೆ ಮುಖ ತಿರುಗಿಸಿ ಮಲಗುತ್ತಿದ್ದ, ಕರೆದರೂ ತಿರುಗುತ್ತಿರಲಿಲ್ಲ. ಕೆರಿಯಮ್ಮನಿಗೆ ಬಟ್ಟೆ ಒಗೆಯುವುದು ಕಷ್ಟ ಅನಿಸಲಿಲ್ಲ. ಆ ತಿರುಗಿದ ಬೆನ್ನು ನೋಡುವುದು ಕಷ್ಟವಾಯಿತು. ಇವರನ್ನು ನಾನೊಬ್ಬಳೇ ಎತ್ತುವ ಹಾಗಾದರೆ ಸಾಕು, ದೇವರ ಹತ್ತಿರ ಬೇರೆ ಏನೂ ಕೇಳುವುದಿಲ್ಲ ಎಂದುಕೊಂಡಳು.

ಒಂದು ಮಧ್ಯಾಹ್ನ ಎತ್ತಿಯೂ ನೋಡಿದಳು. ಮಂಚದಿಂದ ಎಬ್ಬಿಸುವಷ್ಟರಲ್ಲಿ ಇಬ್ಬರೂ ನೆಲಕ್ಕೆ ಬಿದ್ದರು. ಅವಳು ಕೆಳಗೆ, ಅವನು ಮೇಲೆ. ಅವಳ ಸೊಂಟ ಕಟಕ್ ಎಂದದ್ದು ಇಬ್ಬರಿಗೂ ಕೇಳಿಸಿತು. ಅರ್ಧ ತಾಸಾದ ಮೇಲೆ ಮಜ್ಜಿಗೆ ಕೇಳಲು ಬಂದ ಕಾವ್ಯಾ ನೋಡಿ ಕೂಗಿಕೊಂಡಳು.

"ನಲವತ್ತು ಕೆ.ಜಿ. ಹುಲ್ಲಿನ ಹೊರೆ ಹೊತ್ಕಂಡು ಬರ್ತಿದ್ದೆನಲ್ಲೇ ಕಾವ್ಯಾ, ಗಂಡನ್ನ ಎತ್ತಕೆ ಆಗ್ಲಿಲ್ಲ ನೋಡು" ಎಂದು ಕೆರಿಯಮ್ಮ ಅತ್ತಳು.

"ಹೊರೋದು ಬೇರೆ, ಎತ್ತೋದು ಬೇರೆ ದೊಡ್ಡತ್ತೆ. ಹೊರೆನ ನೀವೇ ತಲೆ ಮೇಲೆ ಇಟ್ಕಂತಿದ್ರಾ?"

ಅದು ನಿಜ. ಹುಲ್ಲೋ ಸೊಪ್ಪೋ ಕಟ್ಟಿದ ಮೇಲೆ, "ಒಂಚೂರು ಎತ್ತಿಸು ಬಾರೇ" ಎಂದು ಪಕ್ಕದವಳನ್ನು ಕರೆಯುವುದೇ ರೂಢಿ. ಇನ್ನೊಬ್ಬಳು ಎತ್ತಿ ತಲೆಗಿಟ್ಟರೆ ಇವಳು ಎರಡು ಮೈಲಿ ನಡೆಯುತ್ತಾಳೆ. ನೆಲದ ಭಾರವನ್ನು ಒಬ್ಬಳೇ ಎತ್ತಿದ್ದು ಹುಟ್ಟಿದ ಮೇಲೆ ಇಲ್ಲ.

ಕಾವ್ಯಾಳ ಜತೆ ಹಾಸ್ಟೆಲಿನಲ್ಲಿದ್ದು ಓದಿದ ಸೌಜನ್ಯಾ, ತೀರ್ಥಹಳ್ಳಿ ಕಡೆ ಅರಳಸುರಳಿಯವಳು, ಸಾಗರದಲ್ಲಿ ಜಿಮ್ ನಡೆಸುತ್ತಿದ್ದಳು. ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡು ಹೆಂಗಸರಿಗೆ ಮಾತ್ರ. ಸೊಂಟದ ನೋವು ಇಳಿದ ಮೇಲೆ, ಸಂಕ್ರಾಂತಿ ಕಳೆದು, ಕೆರಿಯಮ್ಮ ಅಲ್ಲಿಗೆ ಹೊರಟಳು. ಅವಳು ಬರುವವರೆಗೆ ಕಾವ್ಯಾ ತನ್ನ ಮಗುವನ್ನು ಕರೆದುಕೊಂಡು ಬಂದು ಜಗಲಿಯಲ್ಲಿ ಕೂರುತ್ತಿದ್ದಳು.

ಬಸ್ಸಿಗೆ ಕಾಯುವಾಗ ಅದೇ ಊರಿನ ತುಂಗಮ್ಮ ಸಿಕ್ಕಿದಳು. "ಎಂತದೇ ಕೆರಿಯಮ್ಮಾ, ದುಡ್ಡು ಕೊಟ್ಟು ಕಬ್ಬಿಣ ಎತ್ತಕೆ ಹೋಗ್ತೀಯಂತೆ? ನಮ್ಮನೆ ಗೊಬ್ಬರದ ಗುಂಡಿ ತುಂಬಿ ಕೂತದೆ. ಬಾ, ಪುಕ್ಕಟೆ ಎತ್ತು."

"ನಿನ್ನೇ ಎತ್ತಿ ಗುಂಡಿಗೆ ಹಾಕೋ ಹಂಗಾದ ದಿನ ಬರ್ತೀನಿ ತಡಿ" ಎಂದಳು ಕೆರಿಯಮ್ಮ. ತುಂಗಮ್ಮ ನಕ್ಕಳು. ಬಸ್ಸಿನಲ್ಲಿ ಕುಳಿತ ಮೇಲೆ ಕೆರಿಯಮ್ಮನಿಗೆ ನಾಚಿಕೆಯಾಯಿತು. ಸೀರೆಯ ಒಳಗೆ ಕಾವ್ಯಾಳ ಹಳೆಯ ಪ್ಯಾಂಟು ಹಾಕಿಕೊಂಡಿದ್ದಳು.

ಸೌಜನ್ಯಾ ಮೊದಲ ದಿನ ಭಾರ ಮುಟ್ಟಿಸಲೇ ಇಲ್ಲ. ಎದುರಿಗೆ ಕೂರಿಸಿಕೊಂಡು ಕೇಳಿದಳು.

"ಮಧ್ಯಾಹ್ನ ಎಂತ ಉಣ್ತೀರಿ ಅಮ್ಮ?"

"ಅನ್ನ, ಸಾರು."

"ಸಾರಲ್ಲಿ ಬೇಳೆ ಇರುತ್ತಾ?"

"ಇರುತ್ತೆ. ಅದು ಅವರಿಗೆ ಹೋಗುತ್ತೆ."

"ಮನೇಲಿ ಕೋಳಿ ಇದಾವಲ್ಲ, ಮೊಟ್ಟೆ?"

"ಅದೂ ಅವರಿಗೇ ಮಗಾ."

"ಹಂಗಾರೆ ರಾಡ್ ಎತ್ತಕೂ ಅವ್ರನ್ನೇ ಕಳ್ಸಿ" ಎಂದಳು ಸೌಜನ್ಯಾ. ಅಲ್ಲಿದ್ದ ಹೆಂಗಸರೆಲ್ಲ ನಕ್ಕರು, ಕೆರಿಯಮ್ಮನೂ ನಕ್ಕಳು. ಆಮೇಲೆ ಹುಡುಗಿ ನಿಧಾನವಾಗಿ ಹೇಳಿದಳು. ದಿನಕ್ಕೆ ಎರಡು ಮೊಟ್ಟೆ. ಸೋಮವಾರ ಮೊಟ್ಟೆ ಮುಟ್ಟದಿದ್ದರೆ ಹುರುಳಿಕಾಳೋ ಹೆಸರುಕಾಳೋ ಬೇಯಿಸಿದ್ದು ಒಂದು ಬಟ್ಟಲು. ಅನ್ನ ಕಮ್ಮಿ, ಕಾಳು ಸೊಪ್ಪು ಜಾಸ್ತಿ. ಮನೆ ಮುಟ್ಟಿದ ಕೂಡಲೇ ಉಣ್ಣಬೇಕು, ಎಲ್ಲರದ್ದೂ ಆಗಲಿ ಎಂದು ಕಾಯಬಾರದು.

ಕೆರಿಯಮ್ಮ ಮನೆಗೆ ಬಂದು ಎರಡು ಮೊಟ್ಟೆ ಬೇಯಿಸಿ, ಸುಲಿದು, ಗಂಡನ ತಟ್ಟೆಗೆ ಹಾಕಿದಳು. ಮೂರು ವಾರ ಹೀಗೇ ನಡೆಯಿತು. ಜಿಮ್ಮಿನಲ್ಲಿ ಹತ್ತು ಕೆ.ಜಿ. ಮೇಲೆ ಹೋಗುತ್ತಿರಲಿಲ್ಲ, ಮೆಟ್ಟಿಲು ಇಳಿಯುವಾಗ ಕಣ್ಣು ಕತ್ತಲೆ ಬರುತ್ತಿತ್ತು. ಸೌಜನ್ಯಾ ಕಾವ್ಯಾಳಿಗೆ ಫೋನು ಮಾಡಿದಳು. ಕಾವ್ಯಾ ಮಂಜುನಾಥಪ್ಪನ ಎದುರೇ ದೊಡ್ಡತ್ತೆಯನ್ನು ಬೈದಳು. ಅವನಿಗೆ ಆಗಲೇ ಗೊತ್ತಾದದ್ದು.

"ಕೆರೀ" ಎಂದ. "ನೀ... ಮೊದ್ಲು. ನೀ ಉಣ್ಣು."

"ನಿಮಗೆ ಬಡಿಸ್ದೆ ಹೆಂಗೆ ಉಣ್ಲಿ?"

"ಎತ್ತಬೇಕಲ್ಲ... ನನ್ನ. ಉಣ್ಣು."

ಆ ದಿನ ಅವಳು ಗಂಡನಿಗಿಂತ ಮೊದಲು ಉಂಡಳು. ಮೊಟ್ಟೆಯನ್ನು ನೀರು ಕುಡಿದು ಇಳಿಸಿದಳು. ಮಾರನೇ ದಿನ ಸ್ವಲ್ಪ ಸುಲಭವಾಯಿತು. ಒಂದು ತಿಂಗಳಲ್ಲಿ ಅದೇ ರೂಢಿಯಾಯಿತು. ತಾನು ಉಂಡ ಮೇಲೆ ಅವನಿಗೆ ಅನ್ನ ಮೆತ್ತಗೆ ಕಲಸಿ, ತಟ್ಟೆಯನ್ನು ಮಂಚದ ಮೇಲಿನ ಹಲಗೆಯ ಮೇಲಿಟ್ಟು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು.

ಅವಳು ಎದುರು ನಿಲ್ಲುವಂತಿರಲಿಲ್ಲ. ಬಲಗೈ ಸ್ವಾಧೀನವಿಲ್ಲದ ಮಂಜುನಾಥಪ್ಪ ಎಡಗೈಯಲ್ಲಿ ಉಣ್ಣಬೇಕಿತ್ತು. ಎಡಗೈಯಲ್ಲಿ ಅನ್ನ ಮುಟ್ಟುವುದನ್ನು ಯಾರೂ ನೋಡಬಾರದು ಎಂದು ಅವನು ಮೊದಲ ದಿನವೇ ಹೇಳಿದ್ದ. "ನಾನೇ ಬಾಯಿಗೆ ಕೊಡ್ತೀನಿ" ಎಂದರೆ, "ಕೂಸಾ... ನಾನು?" ಎಂದು ಸಿಟ್ಟು ಮಾಡಿದ್ದ. ಗಂಡನ ಮರ್ಯಾದೆ ತಾನೇ ಉಳಿಸಬೇಕು ಎಂದುಕೊಂಡು ಕೆರಿಯಮ್ಮ ಒಂದು ದಿನವೂ ಇಣುಕಲಿಲ್ಲ. ಸ್ವಲ್ಪ ಹೊತ್ತಿಗೆ, ಮುಗಿಯಿತೆಂದು ಅವನು ಹಲಗೆ ಬಡಿದ ಸದ್ದಾಗುತ್ತಿತ್ತು. ಹೋಗಿ ನೋಡಿದರೆ ತಟ್ಟೆ ಖಾಲಿ. ಉಂಡರಲ್ಲ ಎಂದು ಸಮಾಧಾನದಿಂದ ತೊಳೆಯುತ್ತಿದ್ದಳು.

ತಟ್ಟೆ ತೆಗೆಯುವಾಗ ಅವನು ದಿನವೂ ಒಂದು ಮಾತು ಕೇಳುತ್ತಿದ್ದ. "ಎಷ್ಟು?"

"ಇಪ್ಪತ್ತು ಎತ್ತಿದೆ ಇವತ್ತು."

"ಇನ್ನು... ನಲವತ್ತೆರಡು."

ಮಾರ್ಚಿನಲ್ಲಿ ಮೂವತ್ತು ಎಂದಳು. ಅವನು ಇನ್ನು ಮೂವತ್ತೆರಡು ಎಂದ. ಲೆಕ್ಕ ತಪ್ಪುತ್ತಿರಲಿಲ್ಲ. ತಲೆ ಚೆನ್ನಾಗಿದೆ ಎಂದು ಅವಳು ಸಂತೋಷಪಡುತ್ತಿದ್ದಳು.

ಮೇ ತಿಂಗಳಲ್ಲಿ ನಲವತ್ತೈದು ಕೆ.ಜಿ. ರಾಡನ್ನು ನೆಲದಿಂದ ಎತ್ತಿ ನೇರ ನಿಂತಳು. ಮನುಷ್ಯನನ್ನು ಎತ್ತುವುದನ್ನೂ ಸೌಜನ್ಯಾ ಬೇರೆಯಾಗಿ ಕಲಿಸಿದಳು. ಸೊಂಟಕ್ಕೆ ಅಗಲದ ಪಟ್ಟಿ ಕಟ್ಟಬೇಕು, ಅವರ ಎಡಗೈ ನಿಮ್ಮ ಕುತ್ತಿಗೆಗೆ, ನಿಮ್ಮ ಮಂಡಿ ಅವರ ಮಂಡಿಗೆ ತಾಗಿರಬೇಕು, ಬೆನ್ನಿನಿಂದ ಎಳೆಯದೆ ಕಾಲಿನಿಂದ ಏಳಬೇಕು. ಮೇ ಹದಿನೇಳು, ಮಧ್ಯಾಹ್ನ ಎರಡು ಗಂಟೆ. ಕೆರಿಯಮ್ಮ ಗಂಡನನ್ನು ಒಬ್ಬಳೇ ಎತ್ತಿ ಕುರ್ಚಿಗೆ ಕೂರಿಸಿದಳು. ಸೊಂಟ ನೋಯಲಿಲ್ಲ, ಕಾಲು ನಡುಗಲಿಲ್ಲ. ಹೊರಗೆ ಹೋಗಿ ಬಾಗಿಲು ಎಳೆದುಕೊಂಡು ಕಾದು, ಮತ್ತೆ ಬಂದು ಮಲಗಿಸಿದಳು. ಮಂಜುನಾಥಪ್ಪ ಆ ದಿನ ಗೋಡೆಯ ಕಡೆ ತಿರುಗಲಿಲ್ಲ. ಎರಡು ಲೋಟ ನೀರು ಕೇಳಿ ಕುಡಿದ.

ಆಮೇಲೆ ದಿನಕ್ಕೆ ಐದಾರು ಸಲ ಎತ್ತಿದಳು. ವಾರದಿಂದ ವಾರಕ್ಕೆ ಸುಲಭವಾಗುತ್ತ ಬಂತು. ಜುಲೈ ಹೊತ್ತಿಗೆ ಪಟ್ಟಿಯೂ ಬೇಡವಾಯಿತು. ಒಂದು ಕೈ ಬೆನ್ನಿಗೆ, ಒಂದು ಕೈ ತೊಡೆಯ ಕೆಳಗೆ ಕೊಟ್ಟು ತೊಟ್ಟಿಲಿನಿಂದ ಮಗು ಎತ್ತಿದ ಹಾಗೆ ಎತ್ತುತ್ತಿದ್ದಳು. ಮಂಚ ಹಿಡಿದವರ ಮೈ ಇಳಿಯುತ್ತದೆ ಎಂದು ಎಲ್ಲರೂ ಹೇಳಿದ್ದರು. ದಿನಾ ನೋಡುವ ಕಣ್ಣಿಗೆ ಅಷ್ಟೇ ಕಂಡಿತು. ಉಳಿದದ್ದು ತನ್ನ ತೋಳಿನ ಬಲ ಎಂದುಕೊಂಡಳು. ಜಿಮ್ಮಿನಲ್ಲಿ ಹೇಳಿಯೂ ಹೇಳಿದಳು.

ಶ್ರಾವಣದ ಒಂದು ಭಾನುವಾರ ಸೌಜನ್ಯಾ ಕಾವ್ಯಾಳ ಮನೆಗೆ ಬಂದವಳು ಇಲ್ಲಿಗೂ ಬಂದಳು. ಕೆರಿಯಮ್ಮ ಗಂಡನನ್ನು ಎತ್ತಿ ತೋರಿಸಿದಳು. ಹುಡುಗಿಯ ಮುಖದಲ್ಲಿ ನಗು ಬರಲಿಲ್ಲ. ಅನುಮಾನದಿಂದಲೇ ಜಿಮ್ಮಿನಿಂದ ಸ್ಕೂಟರಿನಲ್ಲಿ ತಂದಿದ್ದ ತೂಕದ ಯಂತ್ರವನ್ನು ನೆಲದ ಮೇಲಿಟ್ಟಳು.

"ಅವ್ರನ್ನ ಎತ್ಕಂಡೇ ಇದರ ಮೇಲೆ ನಿಂತ್ಕಳಿ ಅಮ್ಮ."

ತೊಂಬತ್ತೈದು ಬಂತು. ಗಂಡನನ್ನು ಮಲಗಿಸಿ ಕೆರಿಯಮ್ಮ ಒಬ್ಬಳೇ ನಿಂತಳು. ಐವತ್ತನಾಲ್ಕು.

ಕೆರಿಯಮ್ಮ ಮನಸ್ಸಿನಲ್ಲೇ ಕಳೆದಳು. ಮಂಜುನಾಥಪ್ಪ ಕಣ್ಣು ಮುಚ್ಚಿಕೊಂಡ. ನಲವತ್ತೊಂದು.

"ಎಂತ ಉಣ್ತಾರೆ ಇವ್ರು?" ಎಂದಳು ಸೌಜನ್ಯಾ, ದನಿ ತಗ್ಗಿಸಿ.

"ಬಡಿಸಿದ್ದೆಲ್ಲ ಉಣ್ತಾರಲ್ಲ. ತಟ್ಟೆ ಖಾಲಿ ಇರುತ್ತೆ."

ಮಾರನೇ ದಿನ ಕೆರಿಯಮ್ಮ ಜಿಮ್ಮಿಗೆ ಹೋಗಲಿಲ್ಲ. ತಟ್ಟೆಯಿಟ್ಟು ಅಡುಗೆಮನೆಗೆ ಹೋಗುವವಳಂತೆ ಹೋಗಿ, ಹಿತ್ತಲ ಬಾಗಿಲಿನಿಂದ ಸುತ್ತಿ, ಮನೆಯ ಪಕ್ಕಕ್ಕೆ ಬಂದಳು. ಕಿಟಕಿಯ ಕೆಳಗೆ ಏಳೂ ಕೋಳಿಗಳು ಕತ್ತೆತ್ತಿ ಕಾಯುತ್ತಿದ್ದವು. ಸರಳಿನ ನಡುವಿನಿಂದ ಎಡಗೈ ಹೊರಗೆ ಬಂತು. ಒಂದು ತುತ್ತು ಬಿತ್ತು. ಮತ್ತೆ ಒಂದು. ಕೈ ಒಂದು ಅಗುಳನ್ನೂ ಗೋಡೆಗೆ ತಾಗಿಸದೆ ದೂರಕ್ಕೆ ಹಾಕುತ್ತಿತ್ತು. ಹನ್ನೊಂದು ತುತ್ತು. ಕೋಳಿಗಳು ನೆಲವನ್ನು ಚೊಕ್ಕಟ ಮಾಡಿದವು. ಈ ಆರು ತಿಂಗಳು ಕೋಳಿಗಳು ತಪ್ಪದೆ ಮೊಟ್ಟೆ ಇಟ್ಟದ್ದು ಯಾಕೆಂದು ಕೆರಿಯಮ್ಮನಿಗೆ ಗೊತ್ತಾಯಿತು. ಆ ಮೊಟ್ಟೆಗಳನ್ನು ತಿಂದವಳು ತಾನು. ಅವಳು ಅಲ್ಲೇ ಗೋಡೆ ಹಿಡಿದು ಕುಳಿತಳು.

ಒಳಗೆ ಬಂದು ಮಂಚದ ಎದುರು ನಿಂತಳು. "ಎಂತಕ್ಕೆ ಹಿಂಗೆ ಮಾಡಿದ್ರಿ?"

ಅವನು ಎಡಗೈಯನ್ನು ಹೊದಿಕೆಗೆ ಒರೆಸಿಕೊಂಡ. "ಆವತ್ತು... ನಿನ್ನ ಸೊಂಟ. ಕಟಕ್ ಅಂತು. ನಾ ಕೇಳ್ದೆ." ಉಸಿರು ತೆಗೆದುಕೊಂಡ. "ನೀ ಅರವತ್ತು... ಯಾವಾಗ ಎತ್ತದು? ನಾನೂ... ಇಳಿದ್ರೆ... ಬೇಗ ಆಗುತ್ತೆ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ... ನೀ ಉಣ್ತಿರಲಿಲ್ಲ."

ಅಂದಿನಿಂದ ಅವಳು ಎದುರೇ ಕುಳಿತಳು. ಎರಡು ತಟ್ಟೆ ಒಟ್ಟಿಗೆ ಬಡಿಸಿದಳು. ಅವನು ಎಡಗೈ ಎತ್ತಲು ಹಿಂಜರಿದಾಗ ತಾನೂ ಎಡಗೈಯಲ್ಲೇ ಕಲಸಿದಳು. ಮೊಟ್ಟೆ ಅರ್ಧ ಅವನಿಗೆ, ಅರ್ಧ ಅವಳಿಗೆ. ಅವನು ಉಂಡ. ಆದರೆ ಇಷ್ಟು ತಿಂಗಳು ಖಾಲಿ ಬಿಟ್ಟ ಹೊಟ್ಟೆ ಮೂರು ತುತ್ತಿಗೇ ತುಂಬುತ್ತಿತ್ತು. ತಿಂಗಳೆಲ್ಲ ಹೆಣಗಿದರೂ ಏರಿದ್ದು ಒಂದೂವರೆ ಕೆ.ಜಿ. ಗಣಪತಿ ಹಬ್ಬ ಕಳೆದ ಮೇಲೆ ಒಂದು ತುತ್ತು ಅಡ್ಡದಾರಿ ಹಿಡಿದು ಶ್ವಾಸಕ್ಕೆ ಹೋಯಿತು. ಜ್ವರ, ಕೆಮ್ಮು. ಆಸ್ಪತ್ರೆಯಲ್ಲಿ ಎಂಟು ದಿನ ಇಟ್ಟುಕೊಂಡು, ಎದೆಯ ಕಫ ಹೊರಗೆ ಹಾಕುವಷ್ಟು ಕಸುವು ಮೈಯಲ್ಲಿಲ್ಲ ಎಂದು ಡಾಕ್ಟರು ಹೇಳಿದರು. ಮಂಜುನಾಥಪ್ಪ ಮನೆಗೆ ಹೋಗುವಾ ಎಂದ. ಕರೆದುಕೊಂಡು ಬಂದರು.

ಬಂದ ಮೂರನೇ ದಿನ ಬೆಳಿಗ್ಗೆ, ಆರೂವರೆ ಇರಬಹುದು. ಅವನು ಕುರ್ಚಿಯ ಕಡೆ ಕಣ್ಣು ತೋರಿಸಿದ. ಕೆರಿಯಮ್ಮ ಎತ್ತಿದಳು. ಎತ್ತುವಾಗ ದಿನವೂ ಅವನ ಎಡಗೈ ಅವಳ ಕುತ್ತಿಗೆಯನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಆ ದಿನವೂ ಹಿಡಿಯಿತು. ಎರಡು ಹೆಜ್ಜೆ ಇಡುವಷ್ಟರಲ್ಲಿ ಸಡಿಲವಾಯಿತು. ಅವಳು ನಿಂತಳು. "ಕೇಳಿಸ್ತಾ?" ಎಂದಳು. ಮತ್ತೆ, "ಕೇಳಿಸ್ತಾ ನಿಮಗೆ?" ಎಂದಳು. ಕುರ್ಚಿಗೂ ಕೂರಿಸಲಿಲ್ಲ, ಮಂಚಕ್ಕೂ ಇಳಿಸಲಿಲ್ಲ.

ಏಳಕ್ಕೆ ಸುನಿಲ್ ಬಂದಾಗಲೂ ಅವಳು ನಡುಮನೆಯಲ್ಲಿ ಹಾಗೆಯೇ ನಿಂತಿದ್ದಳು. ಅವನು ನೋಡಿ ಬಾಗಿಲಲ್ಲೇ ನಿಂತ. ಆಮೇಲೆ ಹತ್ತಿರ ಬಂದು ಎರಡೂ ಕೈ ಚಾಚಿದ.

"ದೊಡ್ಡಮ್ಮಾ, ಇಲ್ಲಿ ಕೊಡು. ಕೈ ಸೋತು ಹೋಗುತ್ತೆ."

"ಸೋತಿಲ್ಲ ಮಗಾ. ಸೋತಿದ್ರೆ ಚೆನ್ನಾಗಿತ್ತು."

ಕಾವ್ಯಾ ಅಳುತ್ತ ಬಂದು ಜಗಲಿಯಲ್ಲಿ ಚಾಪೆ ಹಾಸಿದಳು. ಅಕ್ಕಪಕ್ಕದ ಗಂಡಸರು ಅಂಗಳಕ್ಕೆ ಬಂದು, ಹಿಡಿಯಲು ನಾಲ್ಕು ಜನ ಬನ್ನಿ ಎಂದರು. ಕೆರಿಯಮ್ಮ ತಾನೇ ಎತ್ತಿಕೊಂಡು ಹೊರಟಳು. ಹೊಸ್ತಿಲು ದಾಟುವಾಗ ಅವನ ಕಾಲು ಬಾಗಿಲ ಚೌಕಟ್ಟಿಗೆ ತಾಗದಂತೆ ಪಕ್ಕಕ್ಕೆ ತಿರುಗಿದಳು. ಚಾಪೆಯ ಹತ್ತಿರ ಮಂಡಿ ಬಗ್ಗಿಸಿ, ಮೊದಲು ಕಾಲು, ಆಮೇಲೆ ಬೆನ್ನು, ಕೊನೆಗೆ ತಲೆ ಇಳಿಸಿದಳು. ತಲೆಯ ಕೆಳಗಿನಿಂದ ಕೈ ತೆಗೆಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.