ಸಾರಿನ ಪಾತ್ರೆಯಲ್ಲಿ ತಂತಿ

ಇಟ್ಟಮಡುವಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಗುಮಾಸ್ತರು ಬೇಸ್ ಗಿಟಾರ್ ನುಡಿಸುತ್ತಿದ್ದರು. ಅದು ಗುಂಯ್ ಎಂದರೆ ಕೆಳಗೆ ನನ್ನ ಲೋಟಗಳೆಲ್ಲ ಅದುರುತ್ತಿದ್ದವು. ಎಂಬತ್ತರ ದಶಕ, ಹೊಸ ತಂತಿ ಸಿಗುವುದೇ ಕಷ್ಟ. ಹಳೆಯವುಗಳ ನಾದ ಮಂಕಾದಾಗ ಬಿಚ್ಚಿ, ಕೊಳೆ ಬಿಡಲೆಂದು ಕುದಿಸುತ್ತಿದ್ದರು, ಅದೂ ಸಾರಿನ ಪಾತ್ರೆಯಲ್ಲೇ. "ಸಾಕು, ಇಳಿಸ್ರೀ!" ಎಂದು ಹೆಂಡತಿ ಎಷ್ಟು ರೇಗಿದರೂ ಅವರದು ಒಂದೇ ಮಾತು: "ಇನ್ನೊಂದು ಕುದಿ ಬರ್ಲಿ."

ಆಮೇಲೆ ಲಕ್ವ ಹೊಡೆದು ಅವರ ಎಡಗೈ ಸ್ವಾಧೀನ ತಪ್ಪಿತು. ತಿಂಗಳುಗಟ್ಟಲೆ ಮಹಡಿಯಿಂದ ಸದ್ದಿಲ್ಲ. ಲೋಟಗಳೂ ಸುಮ್ಮನಿದ್ದವು.

ಒಂದು ಬೆಳಿಗ್ಗೆ ಹೆಪ್ಪಿಗೆ ಮೊಸರು ಕೇಳಲು ಮಹಡಿಗೆ ಹೋದಾಗ, ಅವರ ಹೆಂಡತಿ ಸಾರಿನ ಪಾತ್ರೆಯಲ್ಲಿ ತಂತಿ ಕುದಿಸುತ್ತಿದ್ದರು.

"ಇವತ್ತು ಇವ್ರ ಕಿರುಬೆರಳು ಅಲ್ಲಾಡ್ತು ಕಣ್ರೀ" ಎಂದರು.

ಒಳಗಿನಿಂದ ಗುಮಾಸ್ತರು, "ಸಾಕು, ಇಳಿಸೇ" ಎಂದರು.

ಆಕೆ ಒಲೆ ಬಿಟ್ಟು ಕದಲಲಿಲ್ಲ. "ತಡೀರಿ, ಇನ್ನೊಂದು ಕುದಿ ಬರ್ಲಿ."